ಎರಡು ಬೆರಳು

ಹಾರವಾಡದ ಶಾಲೆಯಲ್ಲಿ ಆ ದಿನ
ಇನ್ನೂರ ಹನ್ನೊಂದು ತೋಳು.
ತೆರೆದ ಸೀಸೆ ನಾಲ್ಕು ತಾಸಿನೊಳಗೆ ಮುಗಿಯಬೇಕು,
ಐಸ್ ಡಬ್ಬಿಯ ನೀರು ಆಗಲೇ ಬೆಚ್ಚಗೆ,
ಫ್ಯಾನು ತಿರುಗುವುದು ಎರಡನೇ ತರಗತಿಗೆ ಮಾತ್ರ.
ಅವರು ಕುರ್ಚಿಯಲ್ಲಿ ಕೂರುತ್ತಿದ್ದರು,
ನಾನು ನಿಂತೇ ಇದ್ದೆ.

ಶೇವಂತಿ ಹರಿಕಂತ್ರ ಪೇಟೆಗೆ ಹೊರಟವಳು
ಬುಟ್ಟಿಯನ್ನು ಬಾಗಿಲಲ್ಲಿಟ್ಟು, ಮೇಲೆ ಒದ್ದೆ ಗೋಣಿ ಹಾಸಿ,
'ಬೇಗ ಮಾಡಿ ಸಿಸ್ಟರೆ, ಮೀನು ಕಾಯೂದಿಲ್ಲ' ಅಂದಳು.
ರವಿಕೆಯ ತೋಳು ಬಿಗಿ. ಮೇಲಕ್ಕೆ ಸರಿಯಲಿಲ್ಲ.
ಕೊರಳ ಕಡೆಯಿಂದ ಜಗ್ಗಿ ಹೆಗಲು ಬಿಡಿಸಿದೆ,
ಕಂಡಷ್ಟು ಚರ್ಮಕ್ಕೆ ಚುಚ್ಚಿದೆ.
ಒಂದು ಉಸಿರೂ ಹಿಡಿಯಲಿಲ್ಲ.

ತರಬೇತಿಯಲ್ಲಿ ಹೇಳಿಕೊಟ್ಟಿದ್ದರು:
ಹೆಗಲ ತುದಿಯ ಎಲುಬನ್ನು ಮೊದಲು ಮುಟ್ಟಿ ನೋಡು,
ಅಲ್ಲಿಂದ ಎರಡು ಬೆರಳು ಇಳಿ. ಅಲ್ಲಿ ಮಾಂಸ.
ಮೇಲೆ ಹೋದೆಯೋ, ಅದು ಕೀಲಿನ ಮನೆ,
ಒಳಗೊಂದು ತೆಳ್ಳನೆಯ ಚೀಲ.
ಬರೆದುಕೊಂಡಿದ್ದೆ ನಾನು,
ಕೆಂಪು ಶಾಯಿಯಲ್ಲಿ ಅಡಿಗೆರೆ ಸಹಿತ.

ಆ ಸಂಜೆಯ ವರದಿಯಲ್ಲಿ
ತೊಂದರೆ ಎಂಬ ಕಾಲಮ್ಮಿಗೆ ಸೊನ್ನೆ ಸುತ್ತಿ
ಕೊನೆಯ ಬಸ್ಸು ಹಿಡಿದೆ.

ಮೂರು ತಿಂಗಳ ಮೇಲೆ ಅಂಕೋಲೆಯ ಮೀನುಪೇಟೆಯಲ್ಲಿ ನೋಡುತ್ತೇನೆ,
ಅವಳು ಎಡಗೈಯಲ್ಲಿ ಬಂಗಡೆಯ ಕಿವಿರು ಕೀಳುತ್ತಿದ್ದಾಳೆ.
ಬಲಗೈ ಮಡಿಲಲ್ಲಿ,
ಬೇರೆಯವರ ಮಗುವನ್ನು ಹಿಡಿದುಕೊಂಡ ಹಾಗೆ.
'ಎಂತ ಆಯ್ತು?'
'ಎಂತ ಇಲ್ಲ.'
ಪಕ್ಕದ ಸಿಗಡಿಯವಳು ಹೇಳಿದಳು:
ಕಾರವಾರದ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದ್ದಾಯಿತು,
ವಯಸ್ಸು ಅಂದರಂತೆ, ಬುಟ್ಟಿ ಹೊತ್ತದ್ದು ಅಂದರಂತೆ,
ಅತ್ತೆ ದೃಷ್ಟಿ ತೆಗೆದಳಂತೆ.
ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಕೂಗು.
ಯಾವಾಗಿನಿಂದ ಅಂತ ನಾನು ಕೇಳಲಿಲ್ಲ.
ಬುಟ್ಟಿಯಂತೆ! ಮೂವತ್ತು ವರ್ಷ ಹೊತ್ತ ಬುಟ್ಟಿ
ಒಂದು ಬುಧವಾರ ಹಟಾತ್ತನೆ ಭಾರವಾಯಿತೇ?

ಭಾನುವಾರ ಅವಳ ಮನೆಗೆ ಹೋದೆ.
ಮಂಕಾಳಿ ಅಂಗಳದಲ್ಲಿ ಬಲೆ ನೇಯುತ್ತಿದ್ದ.
ಪ್ರತಿ ಗಂಟಿಗೂ ಎರಡು ಬೆರಳು ತೂರಿಸಿ ನೋಡುತ್ತಾನೆ,
ಹೊಕ್ಕರೆ ಮುಂದಿನ ಗಂಟು.
ನನ್ನನ್ನು ನೋಡದೆಯೇ ಹೇಳಿದ:
'ಬಲೆಯ ಕಣ್ಣು ಇದಕ್ಕಿಂತ ಸಣ್ಣ ಆದ್ರೆ
ಮರಿಯೆಲ್ಲ ಸಿಕ್ಕಿ ಸಾಯ್ತದೆ.'
ಚಹ ತಣಿಯಿತು. ಕಪ್ಪನ್ನು ಎತ್ತಲಾಗಲಿಲ್ಲ ನನಗೆ.

ಒಳಗೆ ಶೇವಂತಿ ಅಬ್ಬಲಿಯ ದಂಡೆ ಹಿಡಿದು ನಿಂತಿದ್ದಳು.
ಕೈ ಕಿವಿಯವರೆಗೆ ಬಂತು, ನಿಂತಿತು,
ತುರುಬು ಇನ್ನೂ ಒಂದು ಗೇಣು ದೂರ.
'ಮಗಳು ಇಲ್ಲ, ನೀವೇ ಮುಡಿಸಿ ಸಿಸ್ಟರೆ.'
ಮುಡಿಸಿದೆ. ಕೈ ತಾನಾಗಿ ಹೆಗಲಿಗೆ ಇಳಿಯಿತು,
ತುದಿಯ ಎಲುಬು ಹುಡುಕಿತು,
ಎರಡು ಬೆರಳು ಇಟ್ಟಿತು.
ಅಂದು ಇಡಬೇಕಾಗಿದ್ದ ಬೆರಳು.

ಹೇಳಿದೆ. ಮದ್ದು ಸರಿ ಇತ್ತು,
ಜಾಗ ತಪ್ಪಿದ್ದು ನಾನು, ಎಂದೆ.
ಇನ್ನೂ ಏನೇನೋ ಹೇಳಿದೆ: ಬೇರೆ ಡಾಕ್ಟರು, ವ್ಯಾಯಾಮ,
ಜಿಲ್ಲಾ ಕಚೇರಿಗೆ ನಾನೇ ಬರೆದುಕೊಡುವ ಕಾಗದ.
ಅವಳು ಕಿಟಕಿಯಾಚೆ ಕಾಗೆಯನ್ನು ಓಡಿಸಿದಳು,
ಬಾಯಲ್ಲಿ, ಕೈಯಲ್ಲಲ್ಲ.

'ನಂಗೆ ಅವತ್ತೇ ಗೊತ್ತಿತ್ತು.
ಎಲುಬಿಗೆ ತಾಗ್ದಾಂಗಾಯ್ತು.
ನಿಮ್ಗೆ ಎಂತ ಹೇಳೂದು,
ಬೆಳಗಿಂದ ನೀರು ಕುಡ್ದಂಗೂ ಕಾಣ್ಲಿಲ್ಲ ನೀವು.'

ಬಾಗಿಲವರೆಗೆ ಬಂದಳು.
'ಮುಂದಿನ ಸಲ ಎಡಕ್ಕೆ ಹಾಕಿ.
ಆದ್ರೆ ನೀವೂ ಕೂತ್ಕಂಡು ಹಾಕಿ.'

ಬುಧವಾರ ಬಂಗಡೆಗೆ ಪೂರ್ತಿ ಬೆಲೆ ತೆಗೆದುಕೊಂಡಳು.
ಒಂದು ಮೀನೂ ಮೇಲೆ ಹಾಕಲಿಲ್ಲ.
ಚೀಲ ಹಿಡಿದು ನಡೆದೆ. ನಮೂನೆ
ಇನ್ನೂ ನನ್ನ ಪರ್ಸಿನಲ್ಲೇ ಇದೆ, ಹೆಸರಷ್ಟೇ ತುಂಬಿದೆ.
ಮುಂದಿನ ಸಾಲಲ್ಲಿ ಕೇಳಿದ್ದಾರೆ:
ಲಸಿಕೆ ನೀಡಿದವರು ಯಾರು.